ಎದುರುಮನೆ ಗೋಡೆಯ ಅಂಕಿಗಳು

೧೯೮೬ರ ಬೇಸಿಗೆಯಲ್ಲಿ ಕರ್ನೂಲಿನಲ್ಲಿ ಗಣಿತದ ಶಿಕ್ಷಕರಿಗೆ ಹತ್ತು ದಿನದ ತರಬೇತಿ ನಡೆಯಿತು. ಕೊನೆಯ ದಿನ ಬಾಯಿಲೆಕ್ಕದ ಪಂದ್ಯ ಇಟ್ಟರು. ಆದೋನಿಯ ಹೆಣ್ಣುಮಕ್ಕಳ ಹೈಸ್ಕೂಲಿನಿಂದ ಹೋಗಿದ್ದ ತುಂಗಾಬಾಯಿ, ಓದುವವರು ಪ್ರಶ್ನೆ ಮುಗಿಸುವ ಮೊದಲೇ ಉತ್ತರ ಹೇಳಿ ಹೇಳಿ, ನಲವತ್ತು ಜನರನ್ನು ಒಬ್ಬೊಬ್ಬರಾಗಿ ಪಂದ್ಯದಿಂದ ಹೊರಗೆ ಕಳಿಸಿದಳು. ಮೊದಲ ಬಹುಮಾನವೆಂದು ಅವಳ ಕೈಗೆ ಬಂದದ್ದು ಒಂದು ಕ್ಯಾಲ್ಕುಲೇಟರು. ಯಂತ್ರವಿಲ್ಲದೆ ಲೆಕ್ಕ ಮಾಡಬಲ್ಲೆ ಎಂದು ತೋರಿಸಿಕೊಟ್ಟವಳಿಗೆ ಲೆಕ್ಕದ ಯಂತ್ರ! ಬಸ್ಸಿನಲ್ಲಿ ವಾಪಸು ಬರುವಾಗ ನೆನೆದಾಗಲೆಲ್ಲ ನಗು ಉಕ್ಕುತ್ತಿತ್ತು. ಪಕ್ಕದಲ್ಲಿ ಕೂತಿದ್ದ ಮುದುಕಿ ಗಾಬರಿಯಾಗಿ ಎಮ್ಮಿಗನೂರು ಬರುವ ಹೊತ್ತಿಗೆ ಬೇರೆ ಸೀಟಿಗೆ ಹೋದಳು.

ತುಂಗಾಬಾಯಿಗೆ ಆಗ ಮೂವತ್ತನಾಲ್ಕು. ಕುಳ್ಳಗೆ, ಚುರುಕಾಗಿ, ಸೀರೆಯ ಸೆರಗಿನಲ್ಲಿ ಸದಾ ಸೀಮೆಸುಣ್ಣದ ಪುಡಿ ಹೊತ್ತು ತಿರುಗುವ ಹೆಂಗಸು. ಹುಟ್ಟಿದ್ದು ಮಂತ್ರಾಲಯದಲ್ಲಿ. ತಂದೆ ಕೃಷ್ಣಮೂರ್ತಿ ಆಚಾರ್ಯರು ಪಂಚಾಂಗದಲ್ಲಿ ಪಂಡಿತರು. ಮುಹೂರ್ತವೆಂದರೆ ನಿಮಿಷವಲ್ಲ, ಸೆಕೆಂಡು ಲೆಕ್ಕ ಹಾಕುವವರು. ಕಣ್ಣಿನ ಪೊರೆ ತೆಗೆಸಿಕೊಂಡ ಮೇಲೆ ಅವರೂ ಹೆಂಡತಿ ಕಾವೇರಿಬಾಯಿಯೂ ಮಗಳ ಜೊತೆ ಆದೋನಿಯ ಬಾಡಿಗೆಮನೆಯ ಮಹಡಿಯಲ್ಲಿ ಇದ್ದರು. ಮಗಳಿಗೆ ಮದುವೆಯಾಗಿರಲಿಲ್ಲ. ಗಂಡುಗಳು ಬಂದಿರಲಿಲ್ಲವೆಂದಲ್ಲ. ಒಬ್ಬ ಗಂಡಿನ ಮಾವ ಉಪ್ಪಿಟ್ಟು ತಿನ್ನುತ್ತ, ಗುಂತಕಲ್ಲಿನಿಂದ ರಾಯಚೂರಿಗೆ ತಮ್ಮ ರೈಲು ಗಂಟೆಗೆ ಎಷ್ಟು ಮೈಲಿ ಓಡಿತೆಂದು ಕೊಚ್ಚಿಕೊಂಡಾಗ ಹುಡುಗಿ ಕಾಫಿ ಲೋಟ ಕೆಳಗಿಟ್ಟು, "ಹಂಗಾದ್ರ ನೀವು ಹೊರಡೋದಕ್ಕಿಂತ ಮೊದಲ ಮುಟ್ಟಿರಬೇಕಲ್ರೀ" ಅಂದಿದ್ದಳು. ಅಂಥವು ನಾಲ್ಕಾರು ಆದ ಮೇಲೆ ಕೇಳುವವರು ನಿಂತುಹೋದರು. ಅವಳಿಗೆ ಅದರಿಂದ ಏನೂ ಕೊರತೆ ಎನಿಸಲಿಲ್ಲ. ಬೆಳಿಗ್ಗೆ ಎದ್ದರೆ ಒಂಬತ್ತನೇ ತರಗತಿಯ ಎಪ್ಪತ್ತೆರಡು ಹುಡುಗಿಯರು ಕಾದಿರುತ್ತಿದ್ದರು.

ಆ ಎಪ್ಪತ್ತೆರಡು ಜನರೇ ಈ ಕಥೆಗೆ ಕಾರಣ. ಕ್ಯಾಲ್ಕುಲೇಟರನ್ನು ಶಾಲೆಗೆ ಒಯ್ದ ದಿನ ಎಲ್ಲರೂ ಒಮ್ಮೆಗೇ ಮೇಜಿನ ಮೇಲೆ ಬಿದ್ದರು. ಎರಡು ಬೆಂಚು ಮುರಿದವು. ಮಾರೆಮ್ಮ ಎಂಬ ಹುಡುಗಿಯ ಜಡೆ ಇನ್ನೊಬ್ಬಳ ಬಳೆಗೆ ಸಿಕ್ಕಿ ಬಿಡಿಸಲು ಒಂದು ಪೀರಿಯಡ್ಡು ಹಿಡಿಯಿತು. ಇಷ್ಟಾಗಿಯೂ ಅಂಕಿ ಕಂಡವರು ಆರು ಜನ. ತುಂಗಾಬಾಯಿ ಮನೆಗೆ ಬಂದು ಚಪ್ಪಲಿ ಬಿಡುವ ಮೊದಲೇ ಹೇಳಿದಳು: "ಅಮ್ಮಾ, ಈ ಅಂಕಿ ಗ್ವಾಡಿ ಮ್ಯಾಲೆ ದೊಡ್ಡದಾಗಿ ಬೀಳೂಹಂಗ ಮಾಡ್ತೀನಿ. ಸಿನಿಮಾದ್ಹಂಗ."

"ಮಾಡು. ಮೊದ್ಲು ಕೈಕಾಲು ತೊಳಕೊ," ಅಂದರು ಕಾವೇರಿಬಾಯಿ.

ಅಂಕಿ ಮೂಡುವ ಗಾಜಿಗೆ ಎಲ್‌ಸಿಡಿ ಅನ್ನುತ್ತಾರೆಂದು ಜೊತೆಗೆ ಬಂದ ಪುಸ್ತಿಕೆಯಲ್ಲಿ ಇತ್ತು. ಗಾಜು ಅಂದಮೇಲೆ ಬೆಳಕು ಹಾಯಬೇಕು. ಹಿಂದಿನಿಂದ ದೀಪ, ಮುಂದೊಂದು ಮಸೂರ. ಸಿನಿಮಾ ಯಂತ್ರವೂ ಇಷ್ಟೇ ತಾನೆ? ಅವಳು ಮರುದಿನವೇ ಕ್ಯಾಲ್ಕುಲೇಟರಿನ ಬೆನ್ನು ಬಿಚ್ಚಿದಳು. ಗಾಜಿನ ಹಿಂದೆ ಬೆಳ್ಳಿಬಣ್ಣದ ಹಾಳೆಯೊಂದು ಅಂಟಿಕೊಂಡು ಬೆಳಕಿಗೆ ಅಡ್ಡವಾಗಿತ್ತು. ಬ್ಲೇಡಿನಿಂದ ಉಸಿರು ಬಿಗಿಹಿಡಿದು ಅದನ್ನು ಕಿತ್ತಳು. ಗಾಜು ಪಾರದರ್ಶಕವಾಯಿತು. ಗುಂಡಿ ಒತ್ತಿದಳು. ಅಂಕಿಯೇ ಇಲ್ಲ! ಯಾವ ಗುಂಡಿ ಒತ್ತಿದರೂ ಖಾಲಿ ಗಾಜು ಅವಳ ಮುಖವನ್ನೇ ಅವಳಿಗೆ ತೋರಿಸುತ್ತಿತ್ತು.

ಅವಳು ಓಡಿದ್ದು ಕನ್ನಡಕದಂಗಡಿಯ ದಸ್ತಗಿರಿಯ ಹತ್ತಿರ. ದಸ್ತಗಿರಿ ಗಾಜು ಉಜ್ಜುವುದರಲ್ಲಿ ಊರಿಗೇ ಹೆಸರಾದವನು. ಆಚಾರ್ಯರಿಗೆ ದಪ್ಪ ಕನ್ನಡಕ ಮಾಡಿಕೊಟ್ಟವನೂ ಅವನೇ. ಅವನು ಗಾಜನ್ನೂ ಕಿತ್ತ ಹಾಳೆಯನ್ನೂ ಹೊರಳಿಸಿ ನೋಡಿ ನಾಲಿಗೆ ಕಚ್ಚಿದ.

"ಅರೆ ಟೀಚರಮ್ಮಾ, ಬೆಳ್ಳಿ ಹಾಳಿ ಜೋಡಿ ಇನ್ನೊಂದು ಪೊರಿ ಇತ್ತು. ಅದನ್ನೂ ಕಿತ್ತೀರಿ. ಅದು ಇದ್ರೇನೆ ಅಂಕಿ ಕಾಣೋದು ಅನ್ನಿಸ್ತೈತಿ."

"ಇನ್ನೇನು ಮಾಡೂದು?"

ದಸ್ತಗಿರಿ ಯೋಚಿಸಿದ. ಆಮೇಲೆ ಗಾಜಿನ ಪೆಟ್ಟಿಗೆಯಿಂದ ಒಂದು ಕೂಲಿಂಗ್ ಗ್ಲಾಸ್ ತೆಗೆದ. ಅವನ ಭಾವಮೈದ ಕುವೈತಿನಿಂದ ತಂದದ್ದು. "ಇದರ ಗಾಜಿನ್ಯಾಗೂ ಅಂಥದೇ ಪೊರಿ ಐತಿ. ನೀರಿನ ಹೊಳಪು ಕೊಲ್ತೈತಿ ಅಂತ ಹೇಳ್ಯಾನ. ಜರಾ ತಡೀರಿ," ಎಂದು ಅದರ ಒಂದು ಗಾಜನ್ನು ಕ್ಯಾಲ್ಕುಲೇಟರಿನ ಹಿಂದೆ ಹಿಡಿದ. ಏನೂ ಇಲ್ಲ. ಮೆಲ್ಲಗೆ ತಿರುಗಿಸಿದ. ಮಬ್ಬಾಗಿ ಏನೋ ಮೂಡಿತು. ಇನ್ನಷ್ಟು ತಿರುಗಿಸಿದ ಕೂಡಲೆ ಎಂಟು ಅಂಕಿಗಳು ಕಪ್ಪಗೆ ಧಗ್ಗನೆ ಎದ್ದು ನಿಂತವು! ಇನ್ನೂ ತಿರುಗಿಸಿದರೆ ಗಾಜೆಲ್ಲ ಕಪ್ಪಾಗಿ, ಅಂಕಿ ಮಾತ್ರ ಬೆಳ್ಳಗೆ.

ತುಂಗಾಬಾಯಿ ಚಪ್ಪಾಳೆ ಹೊಡೆದಳು. "ತಿರುಗಿಸು! ಮತ್ತೊಮ್ಮೆ ತಿರುಗಿಸು!" ಕಪ್ಪು, ಬಿಳಿ, ಕಪ್ಪು, ಬಿಳಿ. ಇಬ್ಬರೂ ಸರದಿಯಂತೆ ತಿರುಗಿಸುತ್ತ ನಕ್ಕರು. ಕಣ್ಣು ಪರೀಕ್ಷೆಗೆ ಕೂತಿದ್ದ ಗಿರಾಕಿಯೊಬ್ಬ ಒಂದು ಕಣ್ಣು ಮುಚ್ಚಿಕೊಂಡೇ ಅರ್ಧ ಗಂಟೆ ಕಾದು, ಕೊನೆಗೆ ತಾನೂ ಎದ್ದು ಬಂದು ಒಮ್ಮೆ ತಿರುಗಿಸಿ ಹೋದ.

ಕೂಲಿಂಗ್ ಗ್ಲಾಸಿನ ತುಂಡು ಸಿಕ್ಕಿತು. ಇನ್ನು ಬೇಕಾದದ್ದು ಮಸೂರ. ದಪ್ಪ ಮಸೂರ ಆ ವಾರ ದಸ್ತಗಿರಿಯ ಅಂಗಡಿಯಲ್ಲಿ ಇರಲಿಲ್ಲ, ಮದರಾಸಿನಿಂದ ಬರಬೇಕಿತ್ತು. ಮನೆಯಲ್ಲೇ ಇತ್ತು, ಅಪ್ಪನ ಮೂಗಿನ ಮೇಲೆ.

"ಒಂದೇ ಗಾಜು ಅಪ್ಪಾ. ಎಡಗಡೀದು."

"ಒಂದು ಕಣ್ಣಿನಾಗ ಪಂಚಾಂಗ ಓದ್ಲೇನು?" ಅಂದರು ಆಚಾರ್ಯರು. ಆದರೆ ಮಗಳು ಗೋಡೆಯ ಮೇಲೆ ಅಂಕಿ ಬೀಳಿಸುವುದು ಹೇಗೆಂದು ವಿವರಿಸುತ್ತಿದ್ದ ಹಾಗೆ ಅವರಿಗೂ ಕುತೂಹಲ ತಡೆಯಲಾಗಲಿಲ್ಲ. ಕನ್ನಡಕವನ್ನು ತಾವೇ ತೆಗೆದುಕೊಟ್ಟರು.

ಬಿಸ್ಕತ್ತಿನ ಡಬ್ಬಿಯೊಳಗೆ ನೂರು ಕ್ಯಾಂಡಲ್ಲಿನ ಬಲ್ಬು, ಅದರ ಮುಂದೆ ಕ್ಯಾಲ್ಕುಲೇಟರಿನ ಗಾಜು, ಅದರ ಮುಂದೆ ರಟ್ಟಿನ ಕೊಳವೆಯಲ್ಲಿ ಅಪ್ಪನ ಎಡಗಣ್ಣು. ಕೋಣೆ ಚಿಕ್ಕದಾದ್ದರಿಂದ ಅಂಕಿ ಅಂಗೈಯಗಲಕ್ಕಿಂತ ದೊಡ್ಡದಾಗಲಿಲ್ಲ. ಓಣಿಯಾಚೆ ಎದುರುಮನೆಯ ಗೋಡೆಗೆ ಹೊಸದಾಗಿ ಸುಣ್ಣ ಬಳಿದಿದ್ದರು. ಹೊತ್ತು ಮುಳುಗಿ ಬೆಳಕು ಮಸಕಾದ ಕೂಡಲೆ ತುಂಗಾಬಾಯಿ ಡಬ್ಬಿಯನ್ನು ಮಹಡಿಯ ಕಿಟಕಿಯಲ್ಲಿಟ್ಟು ಆ ಗೋಡೆಯ ಕಡೆ ತಿರುಗಿಸಿದಳು. ಕೊಳವೆಯನ್ನು ಹಿಂದೆ ಮುಂದೆ ಸರಿಸಿದಳು. ಮಂಜು ಕರಗಿದ ಹಾಗೆ ಆಳೆತ್ತರದ ಅಂಕಿಯೊಂದು ಗೋಡೆಯ ಮೇಲೆ ನಿಂತಿತು. ಅವಳಿಗೆ ಮೈಯೆಲ್ಲ ಜುಮ್ಮೆಂದಿತು.

ಎರಡು ಒತ್ತಿದಳು. ಕೂಡಿಸು ಒತ್ತಿದಳು. ಮತ್ತೆ ಎರಡು. ಉತ್ತರ ನಾಲ್ಕು.

ಕೆಳಗೆ ಓಣಿಯಲ್ಲಿ ಒಬ್ಬ ಮನುಷ್ಯ ಸೈಕಲ್ಲು ಹಿಡಿದು ನಿಂತು ಗೋಡೆಯನ್ನೇ ನೋಡುತ್ತಿದ್ದ. ತನ್ನದೇ ಮನೆಯ ಗೋಡೆ. ಅವನು ತಂತಿ ಆಫೀಸಿನ ರಾಘಣ್ಣ. ಆ ಊರಿನಲ್ಲಿ ರಾಘಣ್ಣಾ ಎಂದು ಕೂಗಿದರೆ ನಾಲ್ಕು ತಲೆ ಹೊರಳುತ್ತವೆ, ಹಾಗಾಗಿ ಇವನು ತಂತಿ ರಾಘಣ್ಣ. ಮೂವತ್ತೆಂಟು ವರ್ಷ. ಮೂವರು ತಂಗಿಯರ ಮದುವೆ ಮಾಡಿ ಮುಗಿಸುವಷ್ಟರಲ್ಲಿ ತನ್ನದನ್ನು ಮರೆತವನು. ದಿನವಿಡೀ ತಂತಿ ಕಳಿಸಿ ಕಳಿಸಿ ಮಾತನ್ನೂ ತಂತಿಯ ಹಾಗೆ ಆಡುತ್ತಿದ್ದ. ಒಂದು ಪದ ಹೆಚ್ಚಿಲ್ಲ. ಅವನು ಸೈಕಲ್ಲು ಗೋಡೆಗೆ ಒರಗಿಸಿ, ಮಹಡಿ ಹತ್ತಿ ಬಂದು ಬಾಗಿಲಲ್ಲಿ ನಿಂತ.

"ಗ್ವಾಡಿ ನಂದು," ಅಂದ.

"ತಪ್ಪಾತ್ರಿ. ತೆಗೀತೀನಿ," ಅಂದಳು ತುಂಗಾಬಾಯಿ.

"ತೆಗೀಬ್ಯಾಡ್ರಿ. ಲೆಕ್ಕ ತಪ್ಪದ. ಐದು ಐದು ಕೂಡಿದ್ರ ನಾಲ್ಕು ಅಂತ ಬರ್ಲಿಕತ್ತದ."

ಲೆಕ್ಕ ತಪ್ಪು ಎಂದು ತುಂಗಾಬಾಯಿಗೆ ಹೇಳಿದವರು ಅದುವರೆಗೆ ಹುಟ್ಟಿರಲಿಲ್ಲ. ಅವಳು ಸಿಟ್ಟಿನಿಂದ ಕಿಟಕಿಗೆ ಹೋಗಿ ಸರಿಯಾಗಿ ನೋಡಿದಳು. ನಿಜ. ಕಡ್ಡಿ ಕಡ್ಡಿ ಜೋಡಿಸಿದ ಆ ಅಂಕಿಗಳಲ್ಲಿ ಎರಡನ್ನು ಕನ್ನಡಿಯಲ್ಲಿ ನೋಡಿದರೆ ಐದಾಗುತ್ತದೆ! ನಾಲ್ಕೂ ಎಡಬಲ ಅದಲುಬದಲಾಗಿ ನಿಂತಿತ್ತು. ಮಸೂರ ತಲೆಕೆಳಗು ಮಾಡುತ್ತದೆಂದು ಗಾಜನ್ನು ತಲೆಕೆಳಗಾಗಿಯೇ ಇಟ್ಟಿದ್ದಳು, ಆದರೆ ಅದರ ಮುಖವನ್ನು ಗೋಡೆಯ ಕಡೆ ತಿರುಗಿಸಿದ್ದಳು.

"ಮುಖ ದೀಪದ ಕಡೆ ಇರಬೇಕು," ಅಂದಳು ತನಗೇ.

"ಹೌದು," ಅಂದ ರಾಘಣ್ಣ.

ತಿರುಗಿಸಿಟ್ಟಳು. ಅವನು ಕೆಳಗೆ ಓಡಿಹೋಗಿ ಓಣಿಯಿಂದ ಕೂಗಿದ: "ಎರಡು! ಸ್ಪಷ್ಟ ಎರಡು!" ಅಷ್ಟು ಜೋರಾಗಿ ಅವನು ಕೂಗಿದ್ದನ್ನು ಆ ಓಣಿ ಎಂದೂ ಕೇಳಿರಲಿಲ್ಲ. ನಾಲ್ಕು ಮನೆಯವರು ಹೊರಗೆ ಬಂದರು.

ಆದರೆ ಎಂಟು ಅಂಕಿಗಳನ್ನೂ ಒತ್ತಿದಾಗ ಬೇರೆ ತೊಂದರೆ ಕಂಡಿತು. ನಡುವಿನ ನಾಲ್ಕು ನೆಟ್ಟಗಿದ್ದವು. ಎರಡು ತುದಿಯವು ಬಳುಕಿ, ಊದಿ, ಮೂಲೆಗಳು ಹೊರಕ್ಕೆ ಎಳೆದುಕೊಂಡು, ಕರಿದ ಹಪ್ಪಳದ ಅಂಚಿನ ಹಾಗೆ ಸೊಟ್ಟಗಾಗಿದ್ದವು. ಕೊಳವೆ ಸರಿಸಿದರೆ ತುದಿ ಸರಿಯಾಗಿ ನಡು ಮಬ್ಬಾಗುತ್ತಿತ್ತು. ಸೊಟ್ಟು ಮಾತ್ರ ಹೋಗಲಿಲ್ಲ. ಮೂರು ದಿನ ಅವಳು ಹಾಳೆಯ ಮೇಲೆ ಕಿರಣಗಳ ಗೆರೆ ಎಳೆದಳು. ರಾಘಣ್ಣ ಸಂಜೆ ಆಫೀಸಿನಿಂದ ಬಂದವನು ಮನೆಗೆ ಹೋಗುವ ಬದಲು ನೇರ ಮಹಡಿ ಹತ್ತುತ್ತಿದ್ದ. ನಾಲ್ಕನೆಯ ದಿನ ಕಾವೇರಿಬಾಯಿ ಎರಡು ರೊಟ್ಟಿಯನ್ನು ಒಂದರ ಮೇಲೊಂದು ಕವುಚಿ ಇಡುತ್ತಿದ್ದುದನ್ನು ನೋಡುತ್ತ ತುಂಗಾಬಾಯಿ ಎದ್ದು ನಿಂತಳು.

"ಒಂದೇ ಮಸೂರ ಇದ್ರ ಅದು ಒಂದೇ ಕಡೆ ಎಳೀತದ. ಎರಡು ಎದುರುಬದುರು ಕೂಡಿಸಿದ್ರ? ನಡುವ ಸಣ್ಣ ತೂತಿನ ರಟ್ಟು ಇಟ್ರ? ಒಂದು ಹೊರಗ ಎಳೆದದ್ದನ್ನ ಇನ್ನೊಂದು ಒಳಗ ಎಳೀತದ!"

ಆಚಾರ್ಯರು ಬಲಗಡೆಯ ಗಾಜನ್ನೂ ಬಿಚ್ಚಿಕೊಟ್ಟರು.

ಒಂದೇ ಕನ್ನಡಕದ ಎರಡು ಕಣ್ಣುಗಳು ಒಂದೇ ಕೊಳವೆಯಲ್ಲಿ ಮುಖಾಮುಖಿ ಕೂತವು. ನಡುವೆ ಹಳೆಯ ಪೋಸ್ಟ್‌ಕಾರ್ಡಿನಲ್ಲಿ ಕೊರೆದ ಗುಂಡನೆಯ ತೂತು. ಗೋಡೆಯ ಮೇಲೆ ಎಂಟು ಅಂಕಿಗಳೂ ಕವಾಯತಿಗೆ ನಿಂತ ಪೊಲೀಸರ ಹಾಗೆ ನೆಟ್ಟಗಾದವು. ತುಂಗಾಬಾಯಿ ಕುಣಿದೇಬಿಟ್ಟಳು. ಕುಣಿದ ಹೊಡೆತಕ್ಕೆ ಡಬ್ಬಿ ಅಲುಗಿ ಅಂಕಿಗಳೂ ಕುಣಿದವು.

ಆಚಾರ್ಯರಿಗೆ ಮಾತ್ರ ಈಗ ಎರಡೂ ಕಣ್ಣಿಲ್ಲ. ಮದರಾಸಿನಿಂದ ಹೊಸ ಗಾಜು ಬರುವತನಕ ಪಂಚಾಂಗ ಓದುವವರಾರು? ತುಂಗಾಬಾಯಿಗೆ ಹಗಲೆಲ್ಲ ಶಾಲೆ, ಸಂಜೆ ಯಂತ್ರ. ಕಾವೇರಿಬಾಯಿಗೆ ಅಕ್ಷರ ಬಾರದು. "ನಾ ಓದ್ತೀನಿ," ಅಂದ ರಾಘಣ್ಣ. ಅಂದಿನಿಂದ ದಿನಾ ಸಂಜೆ ತಿಥಿ, ವಾರ, ನಕ್ಷತ್ರವನ್ನು ತಂತಿ ಓದುವ ಗತ್ತಿನಲ್ಲಿ ಓದತೊಡಗಿದ. "ಶುಕ್ಲಪಕ್ಷ. ಸಪ್ತಮಿ. ಹಸ್ತಾ." ಆಚಾರ್ಯರಿಗೆ ಇಷ್ಟು ಚೊಕ್ಕ ಓದು ಬಹಳ ಹಿಡಿಸಿತು.

ಇಷ್ಟಾದರೂ ಒಂದು ಕೊರತೆ ಉಳಿದಿತ್ತು. ಮಹಡಿಯಿಂದ ಓರೆಯಾಗಿ ಕೆಳಕ್ಕೆ ಬೀಳುವುದರಿಂದ ಅಂಕಿಗಳು ಮೇಲೆ ಕಿರಿದು, ಕೆಳಗೆ ಅಗಲ, ಲಂಗ ತೊಟ್ಟ ಹುಡುಗಿಯರ ಹಾಗೆ ಕಾಣುತ್ತಿದ್ದವು. ಗೋಡೆಯನ್ನಂತೂ ಬಾಗಿಸಲಾಗದು. ರಾಘಣ್ಣ ತನ್ನ ಮಾಳಿಗೆಯಿಂದ ಒಂದು ಬಿಳಿ ಪಂಚೆ ಇಳಿಬಿಟ್ಟು, ಅದರ ಕೆಳಗಿನ ಎರಡು ಚುಂಗು ಹಿಡಿದು ಓಣಿಯ ನಡುವಿಗೆ ಎಳೆದು ನಿಂತ. ಪಂಚೆ ಕಿಟಕಿಯ ಕಡೆ ಮುಖ ಎತ್ತಿದಂತೆ ಓರೆಯಾಯಿತು. ಅಂಕಿಯ ಲಂಗ ಮಾಯವಾಯಿತು!

"ಹಂಗ ನಿಂದ್ರಿ! ಅಲುಗಬ್ಯಾಡ್ರಿ!" ಎಂದು ಅವಳು ಮೇಲಿನಿಂದ ಕೂಗಿದಳು.

ಅವನು ಅಲುಗಲಿಲ್ಲ. ಮಾರ್ಕೆಟ್ಟಿಗೆ ಹತ್ತಿ ಹೇರಿಕೊಂಡು ಹೊರಟ ಭೀಮಲಿಂಗಪ್ಪನ ಬಂಡಿ ಓಣಿಗೆ ತಿರುಗಿದಾಗಲೂ ಅಲುಗಲಿಲ್ಲ. ಎತ್ತುಗಳು ಪಂಚೆಯ ಕೆಳಗೆ ನುಗ್ಗಿದವು. ಪಂಚೆ ಬಂಡಿಗೆ ಸಿಕ್ಕಿ ಹರಿಯಿತು. ಅಂಕಿಗಳು ಹತ್ತಿಯ ಗುಡ್ಡದ ಮೇಲೆ ಹತ್ತಿ ಕೂತು ಬಂಡಿಯ ಜೊತೆ ಸವಾರಿ ಹೊರಟವು. ಭೀಮಲಿಂಗಪ್ಪ ಹಿಂದಿರುಗಿ ನೋಡಿ ಕಂಗಾಲಾದ.

"ಯಾರಲೇ ನನ್ನ ಹತ್ತಿ ಮ್ಯಾಲೆ ಹರಾಜಿನ ನಂಬರ್ ಹಾಕಿದೋರು? ಇನ್ನಾ ಮಾರ್ಕೆಟ್ಟೇ ಮುಟ್ಟಿಲ್ಲ ನಾನು!" ಎಂದು ಬಂಡಿ ಹತ್ತಿ ಅಂಗೈಯಿಂದ ಅಂಕಿ ಒರೆಸತೊಡಗಿದ. ಒರೆಸಿದಷ್ಟೂ ಅಂಕಿ ಅವನ ಕೈಯ ಮೇಲೆ, ಬೆನ್ನ ಮೇಲೆ, ರುಮಾಲಿನ ಮೇಲೆ. "ಇದಿ ಪೋವಟ್ಲೇದೇ!" ಎಂದು, ಹೋಗುತ್ತಿಲ್ಲವೆಂಬುದನ್ನು ತೆಲುಗಿನಲ್ಲೂ ಕೂಗಿ ನೋಡಿದ. ಓಣಿಯ ಜನ ಗೋಡೆ ಹಿಡಿದು ನಕ್ಕರು. ತುಂಗಾಬಾಯಿ ನಗುತ್ತ ನಗುತ್ತ ಕಿಟಕಿಯ ಕೆಳಗೆ ಕೂತುಬಿಟ್ಟಳು. ಹರಿದ ಪಂಚೆಯ ತುಂಡು ಹಿಡಿದು ನಿಂತಿದ್ದ ರಾಘಣ್ಣನಿಗೆ ಅವಳು ಕಾಣಲಿಲ್ಲ, ನಗು ಮಾತ್ರ ಕೇಳಿತು. ಅವನು ಅದನ್ನೇ ಕೇಳುತ್ತ ಬಹಳ ಹೊತ್ತು ನಿಂತ.

ಅದೇ ವಾರ ಇನ್ನೊಂದು ಆಘಾತ. ಹತ್ತು ನಿಮಿಷ ದೀಪ ಉರಿದ ಮೇಲೆ ಗಾಜಿನ ನಡುವೆ ಕಪ್ಪು ಚುಕ್ಕೆಯೊಂದು ಎದ್ದು, ಮಸಿ ಚೆಲ್ಲಿದಂತೆ ಹರಡಿ ಅಂಕಿಗಳನ್ನೆಲ್ಲ ನುಂಗಿತು. ಯಂತ್ರ ಸತ್ತಿತೆಂದು ತುಂಗಾಬಾಯಿ ದೀಪ ಆರಿಸಿ ಮಂಕಾಗಿ ಕೂತಳು. ಕಾವೇರಿಬಾಯಿ ಬೀಸಣಿಗೆ ತಂದು ಮಗಳಿಗೆ ಗಾಳಿ ಹಾಕಿದರು. ಗಾಳಿ ಯಂತ್ರಕ್ಕೂ ತಗುಲಿತು. ಕಪ್ಪು ಮೆಲ್ಲಗೆ ಹಿಮ್ಮೆಟ್ಟಿ, ಒಂದೊಂದೇ ಅಂಕಿ ವಾಪಸು ಬಂದವು.

"ಅದಕ್ಕೂ ನನ್ಹಂಗ ಶೆಕಿ ತಡಿಯಂಗಿಲ್ಲ," ಅಂದರು ಕಾವೇರಿಬಾಯಿ.

ಬೆಳಕು ಬೇಕು, ಕಾವು ಬೇಡ. ದೀಪಕ್ಕೂ ಗಾಜಿಗೂ ನಡುವೆ ನೀರಿಟ್ಟರೆ ಕಾವನ್ನು ನೀರು ಕುಡಿಯುತ್ತದೆಂದು ತುಂಗಾಬಾಯಿಗೆ ಹೊಳೆಯಿತು. ಉರುಟು ಬಾಟಲಿ ಇಟ್ಟರೆ ಅದೇ ಇನ್ನೊಂದು ಮಸೂರವಾಗಿ ಅಂಕಿ ತಿರುಚುತ್ತಿತ್ತು. ದಸ್ತಗಿರಿ ಎರಡು ಚೌಕ ಗಾಜು ಕೊಯ್ದುಕೊಟ್ಟ. ರಾಘಣ್ಣ ಅಂಗಡಿಯಿಂದ ಅರಗಿನ ಕಡ್ಡಿ ತಂದು, ಪಾರ್ಸಲ್ಲಿಗೆ ಮೊಹರು ಮಾಡುವ ಕೈಚಳಕದಲ್ಲಿ ಅಂಚುಗಳನ್ನು ಮುಚ್ಚಿದ. ಚಪ್ಪಟೆ ನೀರಿನ ಪೆಟ್ಟಿಗೆಯಾಯಿತು. ಒಂದು ಹನಿ ಸೋರಲಿಲ್ಲ. ಆ ಸೋಮವಾರ ಎಪ್ಪತ್ತೆರಡು ಹುಡುಗಿಯರು ಕಿಟಕಿ ಮುಚ್ಚಿದ ತರಗತಿಯಲ್ಲಿ ತಮ್ಮ ತಮ್ಮ ಜಾಗದಲ್ಲೇ ಕೂತು ಗೋಡೆಯ ಮೇಲೆ ಒಂದನ್ನು ಮೂರರಿಂದ ಭಾಗಿಸಿದರು. ಸಾಲುಗಟ್ಟಿ ನಿಂತ ಮೂರುಗಳನ್ನು ಕಂಡು ಹಾಕಿದ ಕೇಕೆಗೆ ಹೆಡ್‌ಮಿಸ್ಟ್ರೆಸ್ ಶಾಂತಕ್ಕ ಹಾವು ಬಂದಿದೆಯೆಂದು ಕೋಲು ಹಿಡಿದು ಓಡಿಬಂದರು.

ಅಷ್ಟರಲ್ಲಿ ಮದರಾಸಿನಿಂದ ಆಚಾರ್ಯರ ಹೊಸ ಗಾಜು ಬಂತು. ಸುದ್ದಿ ತಿಳಿದ ಸಂಜೆ ರಾಘಣ್ಣ ಪಂಚಾಂಗ ಓದಿ ಮುಗಿಸಿ, ಅದನ್ನು ಎಂದಿಗಿಂತ ನಿಧಾನವಾಗಿ ಮಡಚಿಟ್ಟ. ತುಂಗಾಬಾಯಿ ಮೆಟ್ಟಿಲತನಕ ಬಂದಳು.

"ನಾಳಿಂದ ಅಪ್ಪನಿಗೆ ಕಣ್ಣು ಕಾಣ್ತದ. ಆಮ್ಯಾಲೆ ನೀವು ಬರೂದಿಲ್ಲೇನು?"

"ಕಾರಣ ಬೇಕಲ್ಲ."

"ಯಂತ್ರಕ್ಕ ತೊಂದ್ರಿ ಬರ್ತಾವ."

"ಎಲ್ಲಾ ಸರಿಯಾಗ್ಯಾವ," ಅಂದ ಅವನು, ಸಾವಿನ ಸುದ್ದಿ ಹೇಳುವ ದನಿಯಲ್ಲಿ.

ತುಂಗಾಬಾಯಿಗೆ ತಡೆಯಲಾರದ ನಗು ಬಂತು. ನಗುತ್ತಲೇ, ಕೆನ್ನೆ ಕೆಂಪಾಗಿ, ಅಂದಳು: "ಹಂಗಾದ್ರ ಗಟ್ಟಿ ಕಾರಣನ ಮಾಡಿಬಿಡೋಣು. ನಿಮ್ಮ ಗೋತ್ರ ಯಾವ್ದು?"

ರಾಘಣ್ಣ ಬಾಯಿ ತೆರೆಯುವಷ್ಟರಲ್ಲಿ ಒಳಗಿನಿಂದ ಆಚಾರ್ಯರೇ ಕೂಗಿದರು: "ಕಾಶ್ಯಪ! ನಾ ಮೊದಲ್ನೇ ದಿನಾನ ಕೇಳಿ ಇಟ್ಕೊಂಡೀನಿ. ನಮ್ಮದಲ್ಲ. ನಡೀತದ!" ರಾಘಣ್ಣ ಮೆಟ್ಟಿಲು ಇಳಿಯುವಾಗ ಎರಡು ಮೆಟ್ಟಿಲು ತಪ್ಪಿ, ಬೀಳದೆ ಉಳಿದು, ಸೈಕಲ್ಲು ಅಲ್ಲೇ ಬಿಟ್ಟು, ಎದುರಿಗಿದ್ದ ತನ್ನ ಮನೆಯನ್ನೂ ಮರೆತು ಬೇರೆಯೇ ದಿಕ್ಕಿಗೆ ನಡೆದುಹೋದ.

ಮದುವೆ ಮಂತ್ರಾಲಯದ ಒಂದು ಛತ್ರದಲ್ಲಿ ಆಯಿತು. ಮುಹೂರ್ತ ಬೆಳಿಗ್ಗೆ ಹತ್ತು ಗಂಟೆ ಇಪ್ಪತ್ತೆರಡು ನಿಮಿಷ. ಜೀವನವಿಡೀ ಮದುವೆಮನೆಗಳಲ್ಲಿ ಹತ್ತು ಗಡಿಯಾರ ಹತ್ತು ಸಮಯ ತೋರಿಸಿ ಜಗಳವಾಗುವುದನ್ನು ಕಂಡಿದ್ದ ಆಚಾರ್ಯರು ಪಟ್ಟು ಹಿಡಿದರು: "ನಿನ್ನ ಯಂತ್ರದಾಗ ಗಡಿಯಾರನೂ ಅದಲ್ಲ? ರೇಡಿಯೋಕ್ಕ ಕೂಡಿಸಿ ಇಡು. ಅಂತರಪಟದ ಮ್ಯಾಲೆ ಬೀಳಲಿ. ಎಲ್ಲಾರೂ ನೋಡ್ಲಿ." ವಧೂವರರ ನಡುವೆ ಹಿಡಿಯುವ ಆ ಬಿಳಿ ಬಟ್ಟೆಗಿಂತ ಒಳ್ಳೆಯ ಪರದೆ ಇನ್ನೆಲ್ಲಿ ಸಿಗುತ್ತದೆ?

ಕಿಟಕಿಗಳನ್ನೆಲ್ಲ ಮುಚ್ಚಿದರು. ವರನ ಹಿಂದೆ ಎತ್ತರದ ಸ್ಟೂಲಿನ ಮೇಲೆ ಬಿಸ್ಕತ್ತಿನ ಡಬ್ಬಿ ಕೂತಿತು. ಗಂಟೆ, ನಿಮಿಷ, ಸೆಕೆಂಡು ಅಂತರಪಟದ ಮೇಲೆ ಓಡತೊಡಗಿದವು. ರಾಘಣ್ಣನ ಪೇಟದ ನೆರಳು ನಿಮಿಷವನ್ನು ಮುಚ್ಚಿತು. "ಬಗ್ಗ್ರೀ!" ಎಂದು ಪಟದಾಚೆಯಿಂದ ವಧುವೇ ಕೂಗಿದಳು. ವರ ಬಗ್ಗಿದ. ಪುರೋಹಿತರು ಮಂಗಳಾಷ್ಟಕ ಶುರುಮಾಡಿದರು. ಹತ್ತು ಹದಿನೆಂಟಕ್ಕೆ ಕರೆಂಟು ಹೋಯಿತು.

ಛತ್ರದಲ್ಲಿ ಹಾಹಾಕಾರ. ಒಬ್ಬೊಬ್ಬರ ಕೈಗಡಿಯಾರ ಒಂದೊಂದು ಹೇಳಿತು. ಆಚಾರ್ಯರು ಹೊಸ ಕನ್ನಡಕದ ಮೇಲೆ ಕೈ ಇಟ್ಟುಕೊಂಡು ಕೂತುಬಿಟ್ಟರು. ಬಾಸಿಂಗ ಕಟ್ಟಿಕೊಂಡ ತುಂಗಾಬಾಯಿ ಬಾಗಿಲ ಹತ್ತಿರ ನಿಂತಿದ್ದ ದಸ್ತಗಿರಿಯನ್ನು ಹುಡುಕಿ ಕೂಗಿದಳು: "ದಸ್ತಗಿರೀ! ಹೊರಗ ಬಿಸಲದ! ಕನ್ನಡಿ ತಗೊಂಡು ಹೋಗು!"

ವಧುವಿನ ಸಿಂಗಾರದ ಕನ್ನಡಿಯನ್ನೇ ಎತ್ತಿಕೊಂಡು ದಸ್ತಗಿರಿ ಹಿಂದಿನ ಅಂಗಳಕ್ಕೆ ಓಡಿದ. ಯಾರೋ ಡಬ್ಬಿಯ ಮುಚ್ಚಳ ತೆಗೆದು ಬಲ್ಬು ಬಿಚ್ಚಿದರು, ಯಾರೋ ಹಿಂದಿನ ಕಿಟಕಿ ತೆರೆದರು. ಬಿಸಿಲಿನ ಕೋಲೊಂದು ಛಾವಣಿಗೆ ಬಡಿದು, ಬೀಗರ ಬೋಳುತಲೆಗಳ ಮೇಲೆ ಓಡಾಡಿ, ಕೊನೆಗೆ ಡಬ್ಬಿಯನ್ನು ಹೊಕ್ಕಿತು. ಅಂತರಪಟ ಒಮ್ಮೆಗೇ ಝಗ್ಗೆಂದಿತು! ಬಲ್ಬಿನ ಬೆಳಕಿನಲ್ಲಿ ಮಂಕಾಗಿದ್ದ ಅಂಕಿಗಳು ಈಗ ಅಚ್ಚು ಹೊಡೆದ ಹಾಗೆ. ಹತ್ತು, ಇಪ್ಪತ್ತು, ಐವತ್ತೊಂದು. ಜನ ಹೋ ಎಂದರು. ದಸ್ತಗಿರಿ ನಕ್ಕಾಗಲೆಲ್ಲ ಕನ್ನಡಿ ಅಲುಗಿ ಅಂಕಿಗಳು ಕಣ್ಣು ಮಿಟುಕಿಸಿದವು.

ಆದರೆ ಸೂರ್ಯನ ಕಾವು ನೀರಿನ ಪೆಟ್ಟಿಗೆಗೂ ಹೆಚ್ಚಾಯಿತು. ಹತ್ತು ಇಪ್ಪತ್ತೊಂದಕ್ಕೆ ಮೂಲೆಯಲ್ಲಿ ಕಪ್ಪು ಎದ್ದಿತು.

"ಕನ್ನಡಿ ತೆಗಿ!" ಎಂದಳು ತುಂಗಾಬಾಯಿ. ಬಟ್ಟೆ ಬರಿದಾಯಿತು. ಅವಳು ಮನಸ್ಸಿನಲ್ಲೇ ಹತ್ತು ಎಣಿಸಿದಳು. "ಹಿಡಿ!" ಮೂವತ್ತೆಂಟು. "ತೆಗಿ! ... ಹಿಡಿ!" ನಲವತ್ತೊಂಬತ್ತು. ಪುರೋಹಿತರೂ ಮಂತ್ರದ ನಡುವೆ ತಲೆಯಾಡಿಸಿ ತಾಳ ಹಾಕುತ್ತಿದ್ದರು. "ಹಿಡಿ! ಬಿಡಬ್ಯಾಡ!" ಐವತ್ತೆಂಟು, ಐವತ್ತೊಂಬತ್ತು... ಇಡೀ ಛತ್ರ ಒಂದೇ ಕಂಠದಲ್ಲಿ ಕೂಗಿತು. ಅಂತರಪಟ ಸರಿಯಿತು. ಇಪ್ಪತ್ತೆರಡು ಎಂಬ ಅಂಕಿ ಬಟ್ಟೆಯಿಂದ ಜಾರಿ ಸೀದಾ ತುಂಗಾಬಾಯಿಯ ಮುಖದ ಮೇಲೆ ಬಿತ್ತು. ಬಗ್ಗಿಯೇ ನಿಂತಿದ್ದ ರಾಘಣ್ಣ ಮುಖವೆತ್ತಿ ಅವಳನ್ನು ನೋಡಿದ. ಕೈಯಲ್ಲಿದ್ದ ಜೀರಿಗೆ-ಬೆಲ್ಲವನ್ನು ಅವಳ ತಲೆಯ ಮೇಲಿಡುವುದನ್ನೇ ಮರೆತ. ಅವಳೇ ಮೊದಲು ಅವನ ತಲೆಗೆ ಒತ್ತಿದಳು, ಪೇಟ ಕೂಡ ಓರೆಯಾಗುವಷ್ಟು ಜೋರಾಗಿ.

ಈ ಸುದ್ದಿ ಎಲ್ಲೆಲ್ಲಿ ಹಬ್ಬಿತೋ. ಸಂಕ್ರಾಂತಿಯ ಹೊತ್ತಿಗೆ ಕೋಸಗಿಯಿಂದ ಯರ್ರೆಪ್ಪ ಎಂಬವನು ಬಂದ. ಕೋಸಗಿಗೂ ಗೋನೆಗಂಡ್ಲಕ್ಕೂ ಕಬಡ್ಡಿ ಫೈನಲ್ಲು, ತಾನೇ ಅಂಪೈರು, ಸ್ಕೋರು ಎಲ್ಲರಿಗೂ ಕಾಣುವ ಹಾಗೆ ಮಾಡಿಕೊಡಬೇಕು ಎಂದ. ಗಂಡಹೆಂಡಿರು ಡಬ್ಬಿಯನ್ನು ತೊಡೆಯ ಮೇಲಿಟ್ಟುಕೊಂಡು ಪ್ಯಾಸೆಂಜರ್ ರೈಲಿನಲ್ಲಿ ಹೋದರು. ಒಂದೇ ಯಂತ್ರದಲ್ಲಿ ಎರಡು ತಂಡದ ಸ್ಕೋರು ಹೇಗೆ? ತುಂಗಾಬಾಯಿ ದಾರಿಯಲ್ಲೇ ಉಪಾಯ ಮಾಡಿದ್ದಳು: ದಶಮಾಂಶ ಚುಕ್ಕಿಯ ಎಡಕ್ಕೆ ಕೋಸಗಿ, ಬಲಕ್ಕೆ ಗೋನೆಗಂಡ್ಲ. ಕೋಸಗಿಗೆ ಪಾಯಿಂಟು ಬಂದರೆ ಒಂದು ಕೂಡಿಸುವುದು, ಗೋನೆಗಂಡ್ಲಕ್ಕೆ ಬಂದರೆ ನೂರರಲ್ಲೊಂದು.

ಸಂಜೆಗತ್ತಲಲ್ಲಿ ಆಟ ಸೊಗಸಾಗಿ ನಡೆಯಿತು. ಪರದೆಯ ಮೇಲೆ 14.09 ಕಂಡಿತು. ಗೋನೆಗಂಡ್ಲದವನೊಬ್ಬ ಎದುರಾಳಿಯನ್ನು ಮುಟ್ಟಿ ಬಂದ. ರಾಘಣ್ಣ ಗುಂಡಿ ಒತ್ತಿದ. 14.1 ಎಂದು ಬಂತು.

ಗೋನೆಗಂಡ್ಲದವರು ಎದ್ದು ನಿಂತರು. "ಒಂಬತ್ತು ಇದ್ದದ್ದು ಪಾಯಿಂಟ್ ಬಂದಮ್ಯಾಲೆ ಒಂದಾತೇನಲೇ? ಏಂದಿ ಮೋಸಂ!" ನೂರು ಜನ ಡಬ್ಬಿಯ ಕಡೆ ನುಗ್ಗಿದರು. ಕೊನೆಯ ಸೊನ್ನೆಯನ್ನು ಯಂತ್ರ ತೋರಿಸುವುದಿಲ್ಲವೆಂದು ಅವರಿಗೆ ಹೇಳುವುದು ಹೇಗೆ? ತುಂಗಾಬಾಯಿ ನಗು ನುಂಗಿಕೊಂಡು ಗಂಡನ ಕೈ ಸರಿಸಿ, ತುದಿಗೆ ಸಾವಿರದಲ್ಲೊಂದು ಕೂಡಿಸಿದಳು. 14.101.

"ನೋಡ್ರಿ, ನಿಮ್ಮ ಹತ್ತು ಬಂತಲ್ಲ."

ಜನ ನೋಡಿದರು. ಬಾಯಿಯಲ್ಲೇ ಓದಿದರು. ಮೆಲ್ಲಗೆ ಕೂತರು. ಒಬ್ಬ ಮಾತ್ರ ಕೂರಲಿಲ್ಲ.

"ಕೊನೀಗಿನ ಒಂದು ಯಾರ್ದು ಮೇಡಂ?"

ತುಂಗಾಬಾಯಿ ಗಂಡನ ಮುಖ ನೋಡಿದಳು. ರಾಘಣ್ಣ ಗಂಭೀರವಾಗಿ ಒಂದೇ ಪದ ಹೇಳಿದ: "ಅಂಪೈರಂದು."

ಅದಕ್ಕೆ ಯಾರದೂ ತಕರಾರಿರಲಿಲ್ಲ. ಆಟ ಮುಂದುವರಿಯಿತು. ಗೋನೆಗಂಡ್ಲ ಮೂರು ಪಾಯಿಂಟಿನಿಂದ ಗೆದ್ದಿತು. ವಾಪಸು ರೈಲು ಹತ್ತಿಸಲು ಬಂದ ಯರ್ರೆಪ್ಪ ಎರಡು ಸೇರು ಹುರಿದ ಶೇಂಗಾ ತಂದಿದ್ದ. ಕಿಟಕಿಯಿಂದ ಕೊಟ್ಟು, ಅತ್ತ ಇತ್ತ ನೋಡಿ, ದನಿ ತಗ್ಗಿಸಿ ಕೇಳಿದ: "ಮುಂದಿನ ವರ್ಷ ನಂಗ ಎರಡು ಹಾಕ್ರಿ ಮೇಡಂ. ಮನಿಯಾಗ ಎಲ್ಲಾರೂ ನೋಡಾಕ ಬರ್ತಾರ."